ಅತ್ತಿಗೆಯ ಕ್ಲಾಸಿನ ಹಿಂದಿನ ಬೆಂಚು

ನಮ್ಮ ಅತ್ತಿಗೆಯನ್ನು ಮಾತ್ರ ಯಾವ ಆಸ್ಪತ್ರೆಗೂ ಜೊತೆಗೆ ಕರೆದುಕೊಂಡು ಹೋಗಬೇಡಿ! ಹೋದ ರೋಗಿ ಗುಣವಾಗಿ ಬರುತ್ತಾನೋ ಇಲ್ಲವೋ ನಾನು ಹೇಳಲಾರೆ. ಅತ್ತಿಗೆ ಮಾತ್ರ ಆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಷ್ಟೂ ಜನರ ಓದು, ಸೇರಿಕೊಂಡ ಬಗೆ, ಬಡ್ತಿಯ ದಾರಿ, ರಜೆಯ ನಿಯಮ ಎಲ್ಲವನ್ನೂ ತಿಳಿದುಕೊಂಡೇ ಈಚೆ ಬರುವುದು.

ಉತ್ಪ್ರೇಕ್ಷೆ ಎನ್ನುವವರು ನಮ್ಮ ಅಮ್ಮನನ್ನು ಕೇಳಬಹುದು. ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಮೈಸೂರಿನ ಆಸ್ಪತ್ರೆಗೆ ಮೂವರೂ ಹೋದೆವು. ಅಮ್ಮನ ಕಣ್ಣಿಗೆ ಔಷಧಿ ಬಿಟ್ಟು, ಮುಚ್ಚಿಕೊಂಡು ಕೂತಿರಿ ಎಂದು ಬೆಂಚಿನ ಮೇಲೆ ಕೂರಿಸಿದರು. ನಾನು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತೆ. ಡಾಕ್ಟರು ಏನು ಹೇಳುತ್ತಾರೋ ಕೇಳಿಕೊಂಡು ಬರಲಿ ಎಂದು ಅತ್ತಿಗೆಯನ್ನು ಒಳಗೆ ಕಳಿಸಿದೆವು. ಅದೇ ತಪ್ಪಾಗಿದ್ದು! ಅರ್ಧ ಗಂಟೆ ಕಳೆದರೂ ಪತ್ತೆಯಿಲ್ಲ. ಕೊನೆಗೆ ಮುಖವೆಲ್ಲ ಅರಳಿಸಿಕೊಂಡು ಓಡಿ ಬಂದರು.

"ಸಿಕ್ಕಿತು ಕಣೋ! ಒಳಗೆ ಕಣ್ಣಿನ ಪವರ್ ಅಳೀತಾರಲ್ಲ ಆ ಹುಡುಗಿ, ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಆಪ್ಟೋಮೆಟ್ರಿಸ್ಟ್ ಅಂತ ಕರೀತಾರಂತೆ. ಪಿಯುಸಿ ಸೈನ್ಸ್ ಆದ್ಮೇಲೆ ಅದಕ್ಕೇ ಬೇರೆ ಕೋರ್ಸಿದೆ. ಇಂಥದ್ದೊಂದು ಇದೆ ಅಂತ ನಮ್ಮ ಕಾಲೇಜಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ ನೋಡು!"

ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಅದಿರ್ಲಿ ಕಣಮ್ಮ, ನನ್ನ ಕಣ್ಣಿಗೆ ಏನಂದ್ರು?"

"ಅಯ್ಯೋ ಅತ್ತೆ, ಅದನ್ನ ಕೇಳೋದೇ ಮರೆತೋಯ್ತು!"

ಇದು ಆಸ್ಪತ್ರೆಯ ಕಥೆಯಾಯಿತು. ಮದುವೆಗಾದರೂ ಕರೆದುಕೊಂಡು ಹೋಗಬಹುದೆ? ಅದೂ ಕಷ್ಟವೇ. ನನ್ನ ಷಡ್ಡಕನ ಮಗಳ ಮದುವೆ ನಂಜನಗೂಡಿನಲ್ಲೇ ನಡೆಯಿತು. ಛತ್ರದೊಳಗೆ ಸಣ್ಣದೊಂದು ಡ್ರೋನ್ ಹಾರಿಸಿ ಮೇಲಿನಿಂದ ವೀಡಿಯೊ ತೆಗೆಯುವ ಹುಡುಗ ಬಂದಿದ್ದ. ಷಡ್ಡಕನಿಗೆ ಅದೊಂದು ದೊಡ್ಡ ಹೆಮ್ಮೆ. ಮುಹೂರ್ತದ ಹೊತ್ತು, ಗಟ್ಟಿಮೇಳ, ಎಲ್ಲರೂ ಅಕ್ಷತೆ ಹಿಡಿದು ಎದ್ದು ನಿಂತಿದ್ದೇವೆ. ಅತ್ತಿಗೆ ಆ ಹುಡುಗನ ಪಕ್ಕ ನಿಂತು, "ಇದಕ್ಕೆ ಲೈಸೆನ್ಸು ಬೇಕಾ ಮಗಾ? ಎಲ್ಲಿ ಕಲಿಸ್ತಾರೆ? ಹುಡುಗೀರನ್ನೂ ಸೇರಿಸ್ಕೋತಾರಾ?" ಎಂದು ಶುರುಮಾಡಿದ್ದಾರೆ. ಪಾಪ, ದೊಡ್ಡವರು ಕೇಳುತ್ತಿದ್ದಾರೆಂದು ಅವನೂ ವಿನಯದಿಂದ ಉತ್ತರ ಕೊಟ್ಟಿದ್ದಾನೆ. ತಿಂಗಳಾದ ಮೇಲೆ ವೀಡಿಯೊ ಬಂತು. ಎಲ್ಲರೂ ಕೂತು ನೋಡಿದರೆ, ತಾಳಿ ಕಟ್ಟುವ ಜಾಗದಲ್ಲಿ ತಾಳಿಯೂ ಇಲ್ಲ, ಮದುಮಗನೂ ಇಲ್ಲ! ಪರದೆಯ ತುಂಬ ನಮ್ಮ ಅತ್ತಿಗೆಯ ಮುಖ. ತುಟಿ ಆಡುತ್ತಿದೆ, ಹಿಂದೆ ಗಟ್ಟಿಮೇಳ ಕೇಳುತ್ತಿದೆ.

ಷಡ್ಡಕ ಇವತ್ತಿಗೂ ನನ್ನ ಜೊತೆ ಮುಖ ಕೊಟ್ಟು ಮಾತಾಡುವುದಿಲ್ಲ. ಅವನ ಮಗ ಮಾತ್ರ ಮರುವಾರವೇ ನಮ್ಮ ಮನೆಗೆ ಬಂದು, "ದೊಡ್ಡಮ್ಮ, ಆ ಡ್ರೋನ್ ಟ್ರೈನಿಂಗು ಅಂದ್ರಲ್ಲ..." ಎಂದು ಎಲ್ಲ ವಿಚಾರಿಸಿಕೊಂಡು ಹೋದ.

ಇಷ್ಟು ಕೇಳಿದ ಮೇಲೆ ನಮ್ಮ ಅತ್ತಿಗೆ ಎಲ್ಲೋ ದೊಡ್ಡ ಪ್ರೊಫೆಸರ್ ಎಂದುಕೊಂಡಿರಾ? ಅಲ್ಲ. ಟಿ. ನರಸೀಪುರದ ಒಂದು ಪದವಿಪೂರ್ವ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಆ ಕೆಲಸ ಮೊದಲು ನಮ್ಮ ಅಣ್ಣನದಾಗಿತ್ತು. ಅಣ್ಣ ಸಣ್ಣ ವಯಸ್ಸಿಗೇ ತೀರಿಕೊಂಡ. ಅನುಕಂಪದ ಆಧಾರದ ಮೇಲೆ ಸರ್ಕಾರ ಅತ್ತಿಗೆಯನ್ನು ಅವನ ಕೆಲಸಕ್ಕೆ ತೆಗೆದುಕೊಂಡಿತು. ಅಂದಿನಿಂದ ಅವರು ನಂಜನಗೂಡಿನ ನಮ್ಮ ಮನೆಯಿಂದ ಬೆಳಗ್ಗೆ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ, ಸಂಜೆ ಬಸ್ಸಿಗೆ ವಾಪಸ್ಸು ಬರುತ್ತಾರೆ. ಅಮ್ಮ, ನಾನು, ನನ್ನ ಹೆಂಡತಿ, ಅತ್ತಿಗೆ ಎಲ್ಲ ಒಂದೇ ಮನೆಯಲ್ಲಿದ್ದೇವೆ.

ಗುಮಾಸ್ತೆಯ ಕೈಗೆ ಈ ಕೆಲಸ ಹುಡುಕುವ ಕೆಲಸ ಹೇಗೆ ಬಂತು ಎಂದರೆ, ಯಾರಿಗೂ ಬೇಡವಾಗಿದ್ದರಿಂದ ಬಂತು! ಮಕ್ಕಳಿಗೆ ಮುಂದಿನ ಓದು, ಉದ್ಯೋಗದ ಬಗ್ಗೆ ಮಾರ್ಗದರ್ಶನ ಕೊಡಲು ಕಾಲೇಜಿನಲ್ಲಿ ಯಾರಾದರೊಬ್ಬರು ಇರಲೇಬೇಕೆಂದು ಮೇಲಿನಿಂದ ಆದೇಶ ಬಂತಂತೆ. ಪ್ರಿನ್ಸಿಪಾಲರು ಸಭೆ ಕರೆದರು. ಲೆಕ್ಚರರುಗಳೆಲ್ಲ ಒಂದೇ ಸಮನೆ ಫ್ಯಾನು ನೋಡತೊಡಗಿದರು. ಅಷ್ಟರಲ್ಲಿ ಅತ್ತಿಗೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಒಳಗೆ ಹೋಗಿದ್ದಾರೆ. "ಹೇಗೂ ಕಂಪ್ಯೂಟರ್ ರೂಮಿನ ಬೀಗದ ಕೈ ನಿಮ್ಮತ್ರಾನೇ ಇದ್ಯಲ್ಲಮ್ಮ, ಇದನ್ನೂ ನೀವೇ ನೋಡ್ಕೊಂಬಿಡಿ" ಎಂದರು ಪ್ರಿನ್ಸಿಪಾಲರು. ಸಭೆ ಮುಗಿಯಿತು.

ಆ ಕಂಪ್ಯೂಟರ್ ರೂಮಿನ ವಿಷಯ ಸ್ವಲ್ಪ ಹೇಳಬೇಕು. ಕಂಪ್ಯೂಟರುಗಳು ಹಾಳಾಗಬಾರದೆಂದು ಯಾರೂ ಅವುಗಳನ್ನು ಮುಟ್ಟುತ್ತಿರಲಿಲ್ಲ. ಆಯುಧಪೂಜೆಯ ದಿನ ಬಟ್ಟೆ ಸರಿಸಿ, ಕುಂಕುಮ ಹಚ್ಚಿ, ಹೂವಿಟ್ಟು, ಕುಂಬಳಕಾಯಿ ಒಡೆದು, ಮತ್ತೆ ಬಟ್ಟೆ ಹೊದಿಸಿ ಬೀಗ ಹಾಕುತ್ತಿದ್ದರು. ಅತ್ತಿಗೆಗೂ ಆಗ ಕಂಪ್ಯೂಟರಿನಲ್ಲಿ ಟೈಪು ಮಾಡುವುದು ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ. ಆದರೆ ಸುಮ್ಮನಿರುವ ಜೀವವೇ ಅದು? ಸಂಜೆ ಬಸ್ಸಿಳಿದವರು ಮನೆಗೆ ಬರುವ ಬದಲು ನಂಜನಗೂಡಿನ ಒಂದು ಸೈಬರ್ ಅಂಗಡಿಗೆ ಹೋಗಿ ಕೂರತೊಡಗಿದರು. ಹುಡುಕುವುದು ಹೇಗೆ, ಸರಿಯಾದ ವೆಬ್‌ಸೈಟು ಯಾವುದು, ಕಳ್ಳ ವೆಬ್‌ಸೈಟು ಯಾವುದು, ಅರ್ಜಿ ಹೇಗೆ ಹಾಕಬೇಕು ಎಂದು ಅಂಗಡಿಯವನನ್ನು ಕೇಳಿ ಕೇಳಿ ಹಣ್ಣು ಮಾಡಿದರು. ಕೊನೆಗೆ ಅವನು ಒಂದು ದಿನ ಅಂಗಡಿಯನ್ನೇ ಇವರಿಗೆ ಒಪ್ಪಿಸಿ ಊಟಕ್ಕೆ ಹೋದ! ಅವನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅತ್ತಿಗೆ ಗಿರಾಕಿಗಳನ್ನೆಲ್ಲ ಸಾಲಾಗಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದರಂತೆ.

ಆಮೇಲೆ ನರಸೀಪುರದ ಕಂಪ್ಯೂಟರುಗಳ ಬಟ್ಟೆ ಸರಿಯಿತು. ಸಂಜೆ ತರಗತಿಗಳು ಮುಗಿದ ಮೇಲೆ ಅತ್ತಿಗೆಯ ಕ್ಲಾಸು. ಓದು ಮುಗಿಸಿ ಮನೆಯಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿಗಳೂ ಬಂದರು. ಮೊದಲ ದಿನ ಅತ್ತಿಗೆ ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ.

"ಮುಂದೆ ಏನಾಗ್ಬೇಕು ಅಂತಿದ್ದೀಯಪ್ಪ?"

"ಗೌರ್ಮೆಂಟ್ ಕೆಲಸ, ಮೇಡಂ."

"ಸರಿ. ಯಾವ ಕೆಲಸ?"

"ಗೌರ್ಮೆಂಟ್ ಕೆಲಸ!"

ಕ್ಲಾಸಿನ ತುಂಬ ಇದೇ ಉತ್ತರ. ಒಬ್ಬ ಹುಡುಗ ಮಾತ್ರ ಬೇರೆ ಹೇಳಿದ. ಅವನಿಗೆ 'ಎಸಿ ರೂಮಿನ ಕೆಲಸ' ಬೇಕಂತೆ. ಐಸ್‌ಕ್ರೀಂ ಗೋಡೌನಿಗೆ ಹಾಕಿಸಲಾ ಎಂದರಂತೆ ಅತ್ತಿಗೆ.

ನಂತರ ಕಂಪ್ಯೂಟರಿನಲ್ಲಿ ಹುಡುಕಿ ಎಂದರೆ, ಮಕ್ಕಳು 'ಕೆಲಸ ಬೇಕು' ಎಂದು ಟೈಪು ಮಾಡಿ ಕೂತರು. ಮನೆಯಲ್ಲೇ ಕುಳಿತು ಲಕ್ಷ ಸಂಪಾದಿಸಿ ಎನ್ನುವ ಜಾಹೀರಾತುಗಳು ಒಂದರ ಮೇಲೊಂದು ಬಿದ್ದವು. ಆಗ ಅತ್ತಿಗೆ ಹೇಳಿದ ಮಾತನ್ನು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. "ಸಂತೆಗೆ ಹೋಗಿ 'ತರಕಾರಿ ಕೊಡ್ರೀ' ಅಂತ ಕೂಗಿದ್ರೆ ಏನು ಕೊಡ್ತಾರೆ? ಕೊಳೆತಿರೋದನ್ನೇ ಮೊದಲು ಸಾಗಿಸ್ತಾರೆ. ಯಾವ ತರಕಾರಿ, ಎಷ್ಟು ಬೇಕು, ಯಾವ ಊರಿಂದು ಅಂತ ಹೇಳ್ಬೇಕು. ಇನ್ನು ವೆಬ್‌ಸೈಟು ಅಸಲಿಯೋ ನಕಲಿಯೋ ನೋಡೋದು ಅಂದ್ರೆ ರಸಬಾಳೆ ಕೊಂಡ ಹಾಗೆ. ಬೋರ್ಡಲ್ಲಿ ಬರೆದಿದ್ದೆಲ್ಲ ನಂಜನಗೂಡು ರಸಬಾಳೆ ಆಗಲ್ಲ. ಎತ್ತಿ ನೋಡ್ಬೇಕು, ಮೂಸಿ ನೋಡ್ಬೇಕು, ಎಲ್ಲಿಂದ ಬಂತು ಅಂತ ವಿಚಾರಿಸ್ಬೇಕು."

ಅತ್ತಿಗೆಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಗೊತ್ತೇ ಇಲ್ಲದ ಕೆಲಸವನ್ನು ಮಕ್ಕಳು ಹುಡುಕುವುದಾದರೂ ಹೇಗೆ? ಪ್ರತಿಯೊಬ್ಬರೂ ವಾರಕ್ಕೊಬ್ಬ ದುಡಿಯುವ ಮನುಷ್ಯನನ್ನು ಹಿಡಿದು, ಅವನ ಕೆಲಸ ಎಂಥದು, ಅದಕ್ಕೆ ಏನು ಕಲಿತ, ಹೇಗೆ ಸೇರಿದ ಎಂದು ಕೇಳಿಕೊಂಡು ಬರಬೇಕು. ಆಮೇಲೆ ಆ ಕೆಲಸದ ಬಗ್ಗೆ ಕಂಪ್ಯೂಟರಿನಲ್ಲಿ ಹುಡುಕಿ ಓದಬೇಕು. ಇದು ಹೋಂವರ್ಕು! ನರಸೀಪುರದ ಜನ ಬೆಚ್ಚಿಬಿದ್ದರು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕರೆಂಟ್ ಆಫೀಸಿನಲ್ಲಿ, ಎಲ್ಲಿ ನೋಡಿದರೂ ಯೂನಿಫಾರಂ ಹಾಕಿದ ಮಕ್ಕಳು. ಸರ್ಕಲ್ಲಿನಲ್ಲಿ ನಿಂತಿದ್ದ ಪೊಲೀಸಿನವರೊಬ್ಬರನ್ನು ಹುಡುಗನೊಬ್ಬ "ಸಾ, ನೀವು ಈ ಕೆಲಸಕ್ಕೆ ಹೆಂಗೆ ಬಂದ್ರಿ?" ಎಂದು ಕೇಳಿದನಂತೆ. ಅವರು ಗಾಬರಿಯಾಗಿ "ಯಾರ್ಲಾ ನಿನ್ನ ಕಳ್ಸಿದ್ದು?" ಎಂದರಂತೆ.

ದೂರು ಬರದೆ ಇರುತ್ತದೆಯೇ? ಒಂದು ದಿನ ರಮ್ಯ ಎನ್ನುವ ಹುಡುಗಿಯ ಅಪ್ಪ ಹದಿನಾರು ಎಂಬ ಊರಿನಿಂದ ಬಂದು ಆಫೀಸಿನ ಬಾಗಿಲಲ್ಲಿ ನಿಂತರು.

"ಏನ್ ಮೇಡಮ್ಮಾರೇ, ನನ್ ಮಗಳು ಮನೆಗೆ ಬಂದ್ ನೆಂಟ್ರನ್ನೆಲ್ಲಾ ಕೂರಿಸ್ಕಂಡು ಸಂಬ್ಳ ಎಷ್ಟು ಅಂತ ಕೇಳ್ತಾವ್ಳೆ! ನಮ್ ಮರ್ಯಾದೆ ಏನಾಗ್ಬೇಕು? ನಾವು ಓದ್ಲಿ ಅಂತ ಕಳ್ಸಿದ್ದೋ, ಇಂಗೆ ಲೆಕ್ಕ ತಕ್ಕಳಿ ಅಂತ ಕಳ್ಸಿದ್ದೋ?"

ಅತ್ತಿಗೆ ಕುರ್ಚಿ ಎಳೆದು ಹಾಕಿದರು. "ಕೂತ್ಕೊಳ್ಳಿ ಅಣ್ಣ. ನೀವೇನು ಕೆಲಸ ಮಾಡ್ತೀರಿ?"

"ಗಾರೆ ಕೆಲಸ ಕಣಮ್ಮ."

"ಓ! ಯಾರತ್ರ ಕಲಿತ್ರಿ? ಕಮಾನು ಕಟ್ಟೋಕೆ ಬರುತ್ತಾ?"

ಮುಗಿಯಿತು! ಆ ಮನುಷ್ಯ ಕೂತವನು ಕಾಲೇಜಿನ ಗೋಡೆಗಳನ್ನೆಲ್ಲ ಬೆರಳು ಮಾಡಿ ತೋರಿಸುತ್ತ, ಯಾವುದಕ್ಕೆ ಸರಿಯಾಗಿ ನೀರು ಹಾಕಿ ನೆನೆಸಿಲ್ಲ, ಯಾವುದು ಯಾವಾಗ ಬಿರುಕು ಬಿಡುತ್ತದೆ ಎಂದೆಲ್ಲ ಹೇಳಿ, ಕಾಫಿ ಕುಡಿದು, ಬಂದ ಕಾರಣವನ್ನೇ ಮರೆತು ಬಸ್ಸು ಹತ್ತಿದ. ಎರಡು ದಿನ ಬಿಟ್ಟು ಮತ್ತೆ ಬಂದ. ಮತ್ತೇನು ಗಲಾಟೆಯೋ ಎಂದು ಪ್ರಿನ್ಸಿಪಾಲರು ಒಳಗೆ ಸೇರಿಕೊಂಡರು. ಅವನ ಜೊತೆಯಲ್ಲಿ ಇನ್ನೊಬ್ಬನಿದ್ದ. "ಇವ್ನು ನನ್ ಬಾಮೈದ ಕಣ್ ಮೇಡಮ್ಮಾರೇ. ವೈರಿಂಗ್ ಕೆಲಸ ಮಾಡ್ತನೆ. ಇವ್ನ್ನೂ ಒಸಿ ಕೇಳಿ!"

ಇಲ್ಲಿಯವರೆಗೆ ನಾನು ಇದನ್ನೆಲ್ಲ ಊಟದ ಹೊತ್ತಿನಲ್ಲಿ ಕೇಳಿ ನಗುತ್ತಿದ್ದ ಮನುಷ್ಯ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಕಾಲೇಜು ಮುಗಿದ ಕೂಡಲೇ ಸೇರಿದ್ದು. ಯಾವ ಅರ್ಜಿಯನ್ನೂ ಹಾಕಿರಲಿಲ್ಲ. ಅಪ್ಪನ ಪರಿಚಯದವರು 'ನಾಳೆಯಿಂದ ಬಾ' ಎಂದಿದ್ದರು, ಹೋಗಿದ್ದೆ. ಇದ್ದಕ್ಕಿದ್ದಂತೆ ಮಾಲೀಕರು ಕಾರ್ಖಾನೆಯನ್ನು ಬೇರೆ ರಾಜ್ಯಕ್ಕೆ ಸಾಗಿಸಿಬಿಟ್ಟರು. ಯಂತ್ರಗಳೆಲ್ಲ ಲಾರಿ ಹತ್ತಿದವು. ನಾವು ಗೇಟಿನ ಹೊರಗೆ ಉಳಿದೆವು.

ಮನೆಯಲ್ಲಿ ಕೂರುವುದು ಎಷ್ಟು ಕಷ್ಟ ಎಂದು ಕೂತವರಿಗೇ ಗೊತ್ತು. ಬೀದಿಯವರು ಕೇಳಿದರೆ 'ಲೀವ್ ಹಾಕಿದ್ದೀನಿ' ಎನ್ನುತ್ತಿದ್ದೆ. ತಿಂಗಳುಗಟ್ಟಲೆ ಯಾವ ಕಂಪನಿ ರಜೆ ಕೊಡುತ್ತದೆ? ಪಕ್ಕದ ಮನೆಯವರು ಒಂದು ದಿನ "ನಿಮ್ಮ ಕಂಪನಿ ಬಾಳ ಒಳ್ಳೇದು ಕಣ್ರೀ" ಎಂದರು. ವ್ಯಂಗ್ಯವೋ ನಿಜವೋ ಇವತ್ತಿಗೂ ತಿಳಿಯಲಿಲ್ಲ. ಹೆಂಡತಿ ಏನೂ ಕೇಳುತ್ತಿರಲಿಲ್ಲ, ಅದೇ ಇನ್ನೂ ಕಷ್ಟವಾಗುತ್ತಿತ್ತು.

ಅತ್ತಿಗೆ ಒಂದು ಬೆಳಗ್ಗೆ ನನ್ನ ಮುಂದೆ ನಿಂತು, "ಶರ್ಟು ಹಾಕ್ಕೋ" ಎಂದರು.

"ಎಲ್ಲಿಗೆ?"

"ಕಾಲೇಜಿಗೆ. ಎರಡು ಡಬ್ಬಿ ಕಟ್ಟಿಸಿದ್ದೀನಿ."

ನಲವತ್ತು ದಾಟಿದವನು ಡಬ್ಬಿ ಹಿಡಿದುಕೊಂಡು ಕಾಲೇಜಿಗೆ ಹೋದೆ ಕಣ್ರೀ! ಸಂಜೆಯವರೆಗೂ ಆಫೀಸಿನಲ್ಲಿ ಕಾಯಿಸಿ, ಕಂಪ್ಯೂಟರ್ ರೂಮಿನಲ್ಲಿ ಹಿಂದಿನ ಬೆಂಚು ತೋರಿಸಿದರು. ಸುತ್ತ ಮೀಸೆ ಚಿಗುರುತ್ತಿರುವ ಹುಡುಗರು, ಎರಡು ಜಡೆಯ ಹುಡುಗಿಯರು. ನಾನು ಒಳಗೆ ಬಂದಾಗ ಇನ್ಸ್‌ಪೆಕ್ಷನ್ನಿಗೆ ಬಂದವರೆಂದು ಎಲ್ಲರೂ ಎದ್ದು ನಿಂತರು. "ಕೂತ್ಕೊಳ್ಳಿ, ಇವರೂ ನಿಮ್ಮ ಹಾಗೇನೇ" ಎಂದರು ಅತ್ತಿಗೆ. ಅಷ್ಟೇ ಪರಿಚಯ. ಮನೆಯಲ್ಲಿ ನನಗೆ ಮೊದಲು ಬಡಿಸುವ ಅತ್ತಿಗೆ ಅಲ್ಲಿ ಬೇರೆಯೇ ಹೆಂಗಸು. ಪಕ್ಕದವನ ಹತ್ತಿರ ಏನೋ ಕೇಳಿದ್ದಕ್ಕೆ "ಹಿಂದಿನ ಬೆಂಚು! ಮಾತು ಬೇಡ!" ಎಂದು ಗದರಿದರು. ಮನೆಗೆ ಬಂದು ಅಮ್ಮನಿಗೆ ದೂರು ಕೊಟ್ಟೆ. "ನೀನು ಯಾಕೆ ಮಾತಾಡಕ್ಕೆ ಹೋದೆ?" ಎಂದರು ಅಮ್ಮ!

ಎಲ್ಲರೂ ಬಯೋಡೇಟಾ ಬರೆದು ತರಬೇಕೆಂದು ಆಜ್ಞೆಯಾಯಿತು. ನಾನು ಅಲ್ಲಿಯವರೆಗೆ ಕಂಡಿದ್ದ ಬಯೋಡೇಟಾ ಎಂದರೆ ಮದುವೆಯದು ಮಾತ್ರ. ಅದನ್ನೇ ನೆನಪಿಸಿಕೊಂಡು ಶ್ರದ್ಧೆಯಿಂದ ಬರೆದೆ. ಮೇಲೆ ದೇವರ ಹೆಸರು, ಆಮೇಲೆ ನನ್ನ ಹೆಸರು, ರಾಶಿ, ನಕ್ಷತ್ರ, ಎತ್ತರ, ಮೈಬಣ್ಣ ಗೋಧಿ, ಒಡಹುಟ್ಟಿದವರು, ಆಸ್ತಿ ವಿವರ. ಕೊನೆಗೆ 'ಯಾವ ದುರಭ್ಯಾಸವೂ ಇಲ್ಲ'. ಮುಂದಿನ ಬೆಂಚಿನ ರಮ್ಯ, ಅದೇ ಗಾರೆ ಕೆಲಸದವರ ಮಗಳು, ಅದನ್ನು ತೆಗೆದುಕೊಂಡು ನೋಡಿ ತುಟಿ ಕಚ್ಚಿಕೊಂಡಳು.

"ಅಂಕಲ್, ಇದನ್ನ ಕಳ್ಸಿದ್ರೆ ಕೆಲಸ ಸಿಗಲ್ಲ. ಹೆಣ್ಣು ಸಿಗ್ಬೋದು."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅತ್ತಿಗೆ ಬೋರ್ಡಿನ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿದ್ದುದು ನನಗೆ ಕಾಣಿಸಿತು. ನನಗೂ ನಗು ಬಂತು. ಎಷ್ಟೋ ತಿಂಗಳ ಮೇಲೆ ನಾನು ಬಾಯಿ ತುಂಬ ನಕ್ಕಿದ್ದು ಅವತ್ತೇ.

ಇಮೇಲ್ ಕಥೆ ಇನ್ನೂ ಚೆಂದ. ನನ್ನದೊಂದು ಇಮೇಲ್ ಇತ್ತು. ಫೋನು ಕೊಂಡಾಗ ಅಂಗಡಿಯವನೇ ಮಾಡಿಕೊಟ್ಟಿದ್ದ. ಅದರ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಅವನು ಅಂಗಡಿ ಮುಚ್ಚಿ ಎಲ್ಲೋ ಹೋಗಿದ್ದ! ಹೊಸದು ಮಾಡಿಕೊಂಡೆ. ಹಾಳೆಯ ಮೇಲೆ ಸಾಲು ಎಳೆದು ಬರೆದೇ ಅಭ್ಯಾಸವಾಗಿದ್ದ ಸ್ಟೋರ್ಸಿನ ಕೆಲಸವನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುವುದನ್ನು ಕಲಿತೆ. ಅತ್ತಿಗೆ ನನ್ನನ್ನು ಕೂರಿಸಿಕೊಂಡು, "ಬೆಳಗ್ಗೆ ಸ್ಟೋರ್ಸ್ ಬಾಗಿಲು ತೆಗೆದ ಮೇಲೆ ಏನ್ ಮಾಡ್ತಿದ್ದೆ? ಆಮೇಲೆ? ಮಾಲು ಕಡಿಮೆ ಬಂದ್ರೆ ಏನ್ ಮಾಡ್ತಿದ್ದೆ?" ಎಂದು ಬಿಡದೆ ಕೇಳಿದರು. ನನಗೇ ಗೊತ್ತಿಲ್ಲದೆ ನನಗೆ ಎಷ್ಟೆಲ್ಲ ಕೆಲಸ ಬರುತ್ತದೆ ಎಂದು ಆಗ ಗೊತ್ತಾಯಿತು. ಆ ಕೆಲಸಕ್ಕೆ ಬೇರೆ ಬೇರೆ ಕಡೆ ಯಾವ ಯಾವ ಹೆಸರಿದೆ ಎಂದು ಹುಡುಕಿಸಿದರು. ಆ ಒಂದೊಂದು ಹೆಸರಿನಲ್ಲೂ ಮೈಸೂರಿನ ಸುತ್ತ ಎಲ್ಲಿ ಖಾಲಿ ಇದೆ ಎಂದು ಮತ್ತೆ ಹುಡುಕಿಸಿದರು.

ಅರ್ಜಿ ಹಾಕಿದೆ. ಉತ್ತರವಿಲ್ಲ. ಮತ್ತೆ ಹಾಕಿದೆ. 'ನಿಮ್ಮ ಆಸಕ್ತಿಗೆ ಧನ್ಯವಾದ' ಎಂದು ಬಂತು. ಒಂದು ಕಡೆ ಕರೆದರು, ನನ್ನ ವಯಸ್ಸು ನೋಡಿ ಟೀ ಕೊಟ್ಟು ಕಳಿಸಿದರು. ಅಷ್ಟರಲ್ಲಿ ಒಂದು ಫೋನು ಬಂತು ನೋಡಿ! ಏರ್‌ಪೋರ್ಟಿನಲ್ಲಿ ಸೂಪರ್‌ವೈಸರ್ ಹುದ್ದೆ. ಇಂಟರ್‌ವ್ಯೂ ಬೇಡ, ಪರೀಕ್ಷೆ ಬೇಡ, ನನ್ನನ್ನು ಆಗಲೇ ಆಯ್ಕೆ ಮಾಡಿಬಿಟ್ಟಿದ್ದಾರೆ. ಅಸಲು ಮಾರ್ಕ್ಸ್ ಕಾರ್ಡು, ಒಂದಿಷ್ಟು ಠೇವಣಿ ಕಳಿಸಿದರೆ ಸಾಕು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಾನು ಏರ್‌ಪೋರ್ಟಿನ ಯೂನಿಫಾರಂ ಯಾವ ಬಣ್ಣವಿರಬಹುದೆಂದು ಯೋಚಿಸುತ್ತ ನರಸೀಪುರ ಸೇರಿದೆ.

ಅತ್ತಿಗೆ ಬಯ್ಯಲಿಲ್ಲ. "ಕ್ಲಾಸಲ್ಲೇ ಮಾತಾಡೋಣ, ಎಲ್ರೂ ಕೇಳ್ಲಿ" ಎಂದು ಆ ನಂಬರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಗತ್ತಿನ ದನಿ.

"ಎಚ್.ಆರ್. ಮ್ಯಾನೇಜರ್ ಮಾತಾಡೋದು."

"ನಮಸ್ಕಾರ ಸಾರ್. ನಾನು ಅವರ ಅತ್ತಿಗೆ. ನಿಮ್ಮ ಆಫೀಸು ಎಲ್ಲಿದೆ ಸಾರ್?"

"ಏರ್‌ಪೋರ್ಟ್ ಒಳಗಡೆ, ಮೇಡಂ."

"ಒಳಗಡೆ ಅಂದ್ರೆ ಎಲ್ಲಿ? ಯಾವ ಮಹಡಿ? ಹೊರಗಡೆ ಬೋರ್ಡಿದ್ಯಾ? ವೆಬ್‌ಸೈಟಲ್ಲಿ ಈ ಹುದ್ದೆ ಹಾಕಿಲ್ವಲ್ಲ? ಹೋಗ್ಲಿ, ನೀವು ಈ ಕೆಲಸಕ್ಕೆ ಹೇಗೆ ಸೇರಿದ್ರಿ ಸಾರ್? ನಿಮಗೆ ಇಂಟರ್‌ವ್ಯೂ ಮಾಡಿದ್ರಾ? ಏನ್ ಓದಿದ್ದೀರಿ?"

ಅವನು ತಡವರಿಸಿದ. ಬಿ.ಕಾಂ. ಅಂದ. ಎಲ್ಲಿ ಓದಿದ್ದು ಎಂದರು ಅತ್ತಿಗೆ. ಹೇಳಿದ. ಎಷ್ಟು ಪರ್ಸೆಂಟು ಎಂದರು. ಅದನ್ನೂ ಹೇಳಿದ! "ಅಷ್ಟು ಚೆನ್ನಾಗಿ ಪಾಸಾಗಿದ್ದೀಯ, ಅಕೌಂಟ್ಸ್ ಬರುತ್ತೆ, ಇಂಥ ಕೆಲಸ ಯಾಕಪ್ಪ ಮಾಡ್ತಿದ್ದೀಯ?" ಎಂದರು ಅತ್ತಿಗೆ. ಇಡೀ ಕ್ಲಾಸು ಫೋನಿನ ಸುತ್ತ ಮುತ್ತಿಕೊಂಡಿತು. ಆ ಕಡೆಯಿಂದ ಗತ್ತೆಲ್ಲ ಇಳಿದ ಸಣ್ಣ ದನಿ ಬಂತು.

"ಮೇಡಂ, ಎಲ್ಲಾದ್ರೂ ಒಳ್ಳೆ ಕೆಲಸ ಇದ್ರೆ ನನಗೂ ಹೇಳಿ ಮೇಡಂ."

ಅತ್ತಿಗೆ ಏನು ಮಾಡಿದರು ಗೊತ್ತೆ? ಮೊದಲು ಪೊಲೀಸರಿಗೆ ಆ ನಂಬರಿನ ಬಗ್ಗೆ ದೂರು ಕೊಡುವುದು ಹೇಗೆ ಎಂದು ಮಕ್ಕಳ ಕೈಯಲ್ಲೇ ಹುಡುಕಿಸಿ, ಅವರ ಕೈಯಲ್ಲೇ ದೂರು ಕೊಡಿಸಿದರು. ಆಮೇಲೆ, "ಪಾಪ, ಬಿ.ಕಾಂ. ಓದಿದ್ದಾನೆ" ಎಂದು ಮನೆ ಸೇರುವವರೆಗೂ ಪೇಚಾಡಿಕೊಂಡರು.

ನಾನು ಆ ಕ್ಲಾಸಿನಲ್ಲಿ ಮಳೆಗಾಲ ಕಳೆದೆ. ನನ್ನ ಮುಂದೆಯೇ ಒಬ್ಬೊಬ್ಬರಾಗಿ ದಾರಿ ಹಿಡಿದರು. ಎಸಿ ರೂಮು ಬೇಕೆಂದ ಹುಡುಗ ಎಸಿ ರಿಪೇರಿ ಕಲಿಯುವ ಕೋರ್ಸು ಹುಡುಕಿಕೊಂಡು ಹೋದ. ರಮ್ಯ ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಅರ್ಜಿ ಹಾಕಿದಳು. ಸೀಟು ಸಿಕ್ಕ ದಿನ ಅವಳಪ್ಪ ಇಡೀ ಕ್ಲಾಸಿಗೆ ಮೈಸೂರು ಪಾಕು ಹಂಚಿದರು. "ನಮ್ ಮಗಳು ಇನ್ಮೇಲೆ ಎಲ್ರ ರಕ್ತಾನೂ ಪರೀಕ್ಷೆ ಮಾಡ್ತಳೆ ಕಣ್ರಪ್ಪ!" ಎಂದು ಅವರು ಹೇಳಿದ ರೀತಿಗೆ ಹುಡುಗರು ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು.

ಕೊನೆಗೆ ನನಗೂ ಒಂದು ಕರೆ ಬಂತು. ಮೈಸೂರಿನ ಒಂದು ಆಸ್ಪತ್ರೆಯ ಔಷಧಿ ಉಗ್ರಾಣ ನೋಡಿಕೊಳ್ಳುವ ಕೆಲಸ. ಅತ್ತಿಗೆ ಅದರ ವೆಬ್‌ಸೈಟನ್ನು ಎತ್ತಿ ನೋಡಿ, ಮೂಸಿ ನೋಡಿ, ಅಲ್ಲಿಗೇ ಫೋನು ಮಾಡಿ ವಿಚಾರಿಸಿ, ಅಸಲಿ ಎಂದು ತೀರ್ಮಾನ ಕೊಟ್ಟರು. ಹಿಂದಿನ ದಿನ ಅಡುಗೆಮನೆಯಲ್ಲೇ ಇಂಟರ್‌ವ್ಯೂ ಅಭ್ಯಾಸ. ಅತ್ತಿಗೆ, ನನ್ನ ಹೆಂಡತಿ, ಅಮ್ಮ ಮೂವರೂ ಆಯ್ಕೆ ಸಮಿತಿ. ಅತ್ತಿಗೆ ಕಠಿಣವಾದ ಪ್ರಶ್ನೆಗಳನ್ನು ಕೇಳಿದರು. ನನ್ನ ಹೆಂಡತಿ ಇನ್ನೂ ಕಠಿಣವಾದದ್ದನ್ನು ಕೇಳಿದಳು, ಅವೆಲ್ಲ ಮನೆಯ ವಿಷಯಗಳಾದ್ದರಿಂದ ಇಲ್ಲಿ ಬೇಡ. ಅಮ್ಮನ ಸರದಿ ಬಂದಾಗ, "ಬೆಳಗ್ಗೆ ತಿಂಡಿ ತಿಂದ್ಕೊಂಡು ಹೋಗ್ತೀಯೋ ಇಲ್ವೋ, ಅದನ್ನ ಮೊದಲು ಹೇಳು" ಎಂದರು.

ಆಸ್ಪತ್ರೆಯಲ್ಲಿ ಮೂವರು ಕೂತಿದ್ದರು. ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಕೊನೆಗೆ ಅವರಲ್ಲೊಬ್ಬ ಹೆಂಗಸು ಕನ್ನಡಕ ಏರಿಸಿ, "ಫ್ಯಾಕ್ಟರಿ ಮುಚ್ಚಿ ಇಷ್ಟು ದಿನ ಆಯ್ತಲ್ಲ, ಅಲ್ಲಿಂದ ಏನು ಮಾಡ್ತಿದ್ರಿ?" ಎಂದು ಕೇಳಿದರು. ಇದಕ್ಕೆ ನಾವು ಅಡುಗೆಮನೆಯಲ್ಲಿ ಒಂದು ಒಳ್ಳೆಯ ಇಂಗ್ಲಿಷ್ ಉತ್ತರ ತಯಾರಿಸಿದ್ದೆವು. ಅದು ಸಮಯಕ್ಕೆ ಸರಿಯಾಗಿ ಮರೆತುಹೋಯಿತು.

"ಕಾಲೇಜಿಗೆ ಹೋಗ್ತಿದ್ದೆ, ಮೇಡಂ" ಎಂದೆ. "ಪಿಯುಸಿ ಮಕ್ಕಳ ಜೊತೆ. ಹಿಂದಿನ ಬೆಂಚು. ನಮ್ಮ ಅತ್ತಿಗೆ ಪಾಠ ಮಾಡ್ತಾರೆ."

ಮೂವರೂ ಮುಖ ಮುಖ ನೋಡಿಕೊಂಡು ನಕ್ಕರು. ಆಮೇಲೆ ಇಂಟರ್‌ವ್ಯೂ ಇನ್ನೂ ಒಂದಷ್ಟು ಹೊತ್ತು ನಡೆಯಿತು, ಆದರೆ ಪ್ರಶ್ನೆಗಳೆಲ್ಲ ಅತ್ತಿಗೆಯ ಬಗ್ಗೆ! ಆ ವಾರವೇ ಆದೇಶ ಬಂತು. ಅಮ್ಮನ ಕಾಲಿಗೆ ಬಿದ್ದು, ಹೆಂಡತಿಗೆ ಹೇಳಿ, ಅವಳು ಕಣ್ಣೊರೆಸಿಕೊಂಡದ್ದನ್ನು ನೋಡದವನಂತೆ ನಟಿಸಿ, ನೇರ ನರಸೀಪುರಕ್ಕೆ ಬಸ್ಸು ಹತ್ತಿದೆ.

ಕ್ಲಾಸು ನಡೆಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಹೇಳಿದೆ. ಮಕ್ಕಳು ಬೆಂಚು ಬಡಿದು ಕೂಗಾಡಿದರು. ಅತ್ತಿಗೆ ಮಾತ್ರ ಕುರ್ಚಿಯ ಹಿಡಿ ಹಿಡಿದು ಒಂದು ಕ್ಷಣ ನಿಂತರು. "ಸದ್ಯ" ಎಂದರು, ಅಷ್ಟೇ. ಮತ್ತೆ ಪಾಠ ಶುರುಮಾಡಿದರು. ಆದರೆ ಬೋರ್ಡಿನ ಮೇಲೆ ಬರೆದದ್ದು ಓರೆಯಾಗಿ ಹೋಗಿತ್ತು.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಅತ್ತಿಗೆ ಯಾವತ್ತೂ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂರುತ್ತಾರೆ. ಮಹಿಳೆಯರ ಸೀಟು, ಬೇಗ ಇಳಿಯಬಹುದು, ಅದಕ್ಕೆ ಎಂದುಕೊಂಡಿದ್ದೆ. ಬಸ್ಸು ಖಾಲಿ ಇದ್ದುದರಿಂದ ನಾನೂ ಪಕ್ಕದಲ್ಲೇ ಕೂತೆ. ಸಂತೋಷಕ್ಕೆ ನನ್ನ ಬಾಯಿ ನಿಲ್ಲುತ್ತಿರಲಿಲ್ಲ. ಏನೇನೋ ಹೇಳುತ್ತ ಹೇಳುತ್ತ, "ಅಲ್ಲ ಅತ್ತಿಗೆ, ಎಲ್ಲರಿಗೂ ಏನಾಗ್ಬೇಕು ಅಂತ ಕೇಳ್ತೀರಿ. ನಿಮಗೆ ಏನಾಗ್ಬೇಕು ಅಂತಿತ್ತು?" ಎಂದೆ.

ಅತ್ತಿಗೆ ಮುಂದಿನ ಗಾಜಿನಾಚೆ ರಸ್ತೆ ನೋಡುತ್ತಿದ್ದರು.

"ನಿಮ್ಮಣ್ಣ ಹೋದ ಮೇಲೆ ನನಗೆ ಕೆಲಸ ಕೊಟ್ರಲ್ಲ, ಅವತ್ತು ಆಫೀಸಲ್ಲಿ ಎಲ್ರೂ ಬಾಳ ಒಳ್ಳೇರು ಕಣೋ. ಕಾಫಿ ಕೊಟ್ರು, ಸಮಾಧಾನ ಹೇಳಿದ್ರು, ಸಹಿ ಹಾಕಿಸ್ಕೊಂಡ್ರು, ನಿಮ್ಮಣ್ಣನ ಕುರ್ಚೀಲೇ ಕೂರಿಸಿದ್ರು. ನಿನಗೇನು ಬರುತ್ತಮ್ಮ, ನಿನಗೇನು ಇಷ್ಟ ಅಂತ ಮಾತ್ರ ಯಾರೂ ಕೇಳಲಿಲ್ಲ. ಅವರಾದ್ರೂ ಯಾಕೆ ಕೇಳ್ತಾರೆ? ಅದು ಅಂಥ ಹೊತ್ತಲ್ಲ."

"ಈಗ ನಾನು ಕೇಳ್ತಿದ್ದೀನಲ್ಲ ಅತ್ತಿಗೆ, ಹೇಳಿ."

"ನಗಬಾರ್ದು."

"ಇಲ್ಲ."

"ಬಸ್ಸು ಓಡಿಸ್ಬೇಕು ಅಂತಿತ್ತು." ದನಿ ತಗ್ಗಿಸಿ ಹೇಳಿದರು, ಡ್ರೈವರಿಗೆ ಕೇಳಿಸೀತೆಂದು. "ನಮ್ಮೂರು ಬಿಳಿಗೆರೇಲಿ ಬಸ್ಸು ತಿರುಗಿಸ್ಕೊಳ್ಳೋ ಜಾಗ ನಮ್ಮನೆ ಮುಂದೇನೇ ಇತ್ತು. ಅಷ್ಟು ದೊಡ್ಡ ಬಸ್ಸು, ಅಷ್ಟು ಸಣ್ಣ ಜಾಗ. ದಿನಾ ನಿಂತು ನೋಡ್ತಿದ್ದೆ. ಒಂದಿನ ಡ್ರೈವರ್ ಮಾಮ ಸ್ಟೇರಿಂಗ್ ಮುಂದೆ ಕೂರಿಸಿದ್ರು. ಇಳಿಯಲ್ಲ ಅಂತ ಅತ್ತು ರಂಪ ಮಾಡಿದ್ನಂತೆ."

ನನಗೆ ನಗು ಬರಲಿಲ್ಲ. ಅತ್ತಿಗೆ ಕಲಿಸಿದ್ದೇ ಕೈಗೆ ಅಭ್ಯಾಸವಾಗಿತ್ತಲ್ಲ, ಫೋನು ತೆಗೆದು ಸಾರಿಗೆ ಸಂಸ್ಥೆಯ ಚಾಲಕರ ನೇಮಕಾತಿ ಎಂದು ಹುಡುಕತೊಡಗಿದೆ. ಅಸಲಿ ವೆಬ್‌ಸೈಟು ಸಿಕ್ಕಿತು. ಬೆರಳು ವಯೋಮಿತಿಯ ಸಾಲಿಗೆ ಬಂದು ನಿಂತಿತು. ಅತ್ತಿಗೆಗೆ ಐವತ್ತಾಗುತ್ತ ಬಂದಿದೆ. ಪರದೆಯನ್ನು ಸುಮ್ಮನೆ ಮೇಲೆ ಕೆಳಗೆ ಮಾಡಿದೆ.

"ವಯಸ್ಸು ಮೀರಿದೆ ಅಂತ ಇದ್ಯಾ?" ಎಂದರು ಅತ್ತಿಗೆ, ಫೋನಿನ ಕಡೆ ನೋಡದೆಯೇ. "ಗೊತ್ತು ಕಣೋ. ಪ್ರತೀ ಸಲ ಅರ್ಜಿ ಕರೆದಾಗ್ಲೂ ನೋಡ್ತೀನಿ."

ನಂಜನಗೂಡು ಬಂತು. ಜನ ಇಳಿದು ಚದುರಿದರು. ನಾನು ಮನೆಯ ದಾರಿಗೆ ತಿರುಗಿದೆ. ಅತ್ತಿಗೆ ಬರಲಿಲ್ಲ. ತಿರುಗಿ ನೋಡಿದರೆ ಪ್ಲಾಟ್‌ಫಾರಂ ತುದಿಯಲ್ಲಿ ನಿಂತಿದ್ದಾರೆ. ಕಂಡಕ್ಟರ್ ಸೀಟಿ ಊದುತ್ತಿದ್ದ. ಡ್ರೈವರ್ ಕತ್ತು ಹೊರಗೆ ಹಾಕಿ, ಎರಡು ಬಸ್ಸುಗಳ ನಡುವಿನ ಇಕ್ಕಟ್ಟಿನಲ್ಲಿ ನಮ್ಮ ಬಸ್ಸನ್ನು ಇಷ್ಟಿಷ್ಟೇ ಹಿಂದಕ್ಕೆ ತೆಗೆಯುತ್ತಿದ್ದ. ಅತ್ತಿಗೆಯ ಬಲಗೈ ಸೆರಗಿನ ಮರೆಯಲ್ಲಿ, ಅವನ ಕೈಯ ಜೊತೆಜೊತೆಗೇ, ಮೆಲ್ಲಗೆ ತಿರುಗುತ್ತಿತ್ತು.

ನಾನು ಹಿಂದಕ್ಕೆ ಹೋಗಿ, ಅವರ ಬ್ಯಾಗು ತೆಗೆದುಕೊಂಡು, ಬಸ್ಸು ಪೂರ್ತಿ ತಿರುಗಿ ಹೋಗುವವರೆಗೂ ಪಕ್ಕದಲ್ಲಿ ನಿಂತೆ.